ಎಚ್‌ಐವಿ ತಡೆಯೋ ಹೊಣೆ ಯಾರದ್ದು, ಇಬ್ಬರದ್ದಾ ಒಬ್ಬನದ್ದಾ?

ಮಡಿಕೇರಿ_ಮಂಜು: ನೇರವಾಗಿ ಹೇಳ್ತೇನೆ. ಗೇ ಹುಡುಗರ ನಡುವೆ ಎಚ್‌ಐವಿ ಹರಡಿದರೆ ತಪ್ಪು ಗೊತ್ತಿದ್ದೂ ಬಾಯಿ ಬಿಡದವನದ್ದು. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ, ತನಗೆ ಸೋಂಕಿದೆ ಅಂತ ಗೊತ್ತಿರುವವನು ಬೇರೆಯವರಿಗೆ ಹರಡದ ಹಾಗೆ ಎಚ್ಚರ ವಹಿಸಬೇಕು ಅಂತ. ಹೊಣೆ ಇಬ್ಬರದ್ದೂ ಅನ್ನೋದು ಜಾರಿಕೊಳ್ಳೋ ಮಾತು.

ಕಾಫಿಕಣಿವೆ: "ಗೊತ್ತಿರುವವನು" ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ರಿ. ಟೆಸ್ಟೇ ಮಾಡಿಸದವನಿಗೆ ಹೊಣೆ ಇಲ್ವಾ? ಸೋಂಕು ಹೊಸದಾಗಿ ತಗುಲಿದಾಗಲೇ ರಕ್ತದಲ್ಲಿ ವೈರಸ್ ಜಾಸ್ತಿ, ಆದರೆ ಟೆಸ್ಟ್‌ನಲ್ಲಿ ಕೆಲವು ವಾರ ಕಾಣದೆಯೂ ಇರಬಹುದು. "ನಾನು ನೆಗೆಟಿವ್" ಅಂದವನನ್ನು ನಂಬಿ ಕಾಂಡೋಮ್ ಬಿಟ್ಟರೆ ಆಗ ಯಾರ ತಲೆಗೆ ಕಟ್ತೀರಿ? ಅದೇ ಕಾಯ್ದೆಯಲ್ಲಿ ಯಾರನ್ನೂ ಬಲವಂತ ಮಾಡಿ ಬಾಯಿ ಬಿಡಿಸಬಾರದು ಅಂತಲೂ ಇದೆ. ಅದನ್ನು ಮಾತ್ರ ನುಂಗಿಬಿಟ್ರಿ.

ಮಡಿಕೇರಿ_ಮಂಜು: ಟೆಸ್ಟ್ ಮಾಡಿಸೋಕೆ ಏನು ಕಷ್ಟ? ಐಸಿಟಿಸಿಯಲ್ಲಿ, ಅಂದ್ರೆ ಸರ್ಕಾರಿ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರದಲ್ಲಿ, ಪುಕ್ಕಟೆ. ಮಡಿಕೇರಿಯಲ್ಲೇ ಆಗುತ್ತೆ.

ಪೊನ್ನಂಪೇಟೆ_ಪಯಣಿಗ: ಮಡಿಕೇರಿಯಲ್ಲೇ!! ಗುರುವೇ, ನೀವು ಕೊಡಗಿನವರೇನಾ? ಇಲ್ಲಿ ಚೀಟಿ ಬರೆಸೋಕೆ ನಿಂತರೆ ಹೆಸರು ಕೇಳೋಕೆ ಮೊದಲೇ "ಯಾರ ಮನೆಯವನು, ಯಾವ ಒಕ್ಕ" ಅಂತ ಮನೆತನದ ಹೆಸರನ್ನೇ ಹಿಂದಿನಿಂದ ಯಾರೋ ಕೇಳಿರ್ತಾರೆ. ಸಂಜೆಗೆ ಅಮ್ಮನಿಗೆ ಫೋನ್, "ಮಗನಿಗೆ ಏನು ಹುಷಾರಿಲ್ವಂತೆ?" ನಾನು ಮೈಸೂರು ಬಸ್ಸೇ ಹತ್ತೋದು.

ಮಡಿಕೇರಿ_ಮಂಜು: ಒಕ್ಕ ಒಂದು ನೆಪ. ಗೇ ಸಂಬಂಧವನ್ನು ಅಪರಾಧ ಅಂತಿದ್ದ 377ನೇ ಸೆಕ್ಷನ್ನಿನ ಭಯವನ್ನು 2018ರಲ್ಲೇ ಸುಪ್ರೀಂ ಕೋರ್ಟ್ ತೆಗೀತು. ಗುಟ್ಟು ಕಾಪಾಡಬೇಕು ಅಂತ ಕಾನೂನೂ ಇದೆ. ಇನ್ನೂ ಮೀನಮೇಷ ಎಣಿಸ್ತಾ ಕೂತಿದ್ದೀರಾ?

ಪೊನ್ನಂಪೇಟೆ_ಪಯಣಿಗ: ಕಾನೂನು ಪುಸ್ತಕದಲ್ಲಿದೆ ಸ್ವಾಮಿ. ಕೌಂಟರಿನಲ್ಲಿ ನಮ್ಮ ಚಿಕ್ಕಮ್ಮನ ಗೆಳತಿ ಕೂತಿರ್ತಾರೆ.

ನರ್ಸಕ್ಕ_ಕುಶಾಲನಗರ: ತಮ್ಮಂದಿರೇ, ಬಸ್ಸಿನ ಜಗಳ ಸಾಕು. ಸೋಂಕಿರೋನು ಮಾತ್ರೆ ತಪ್ಪದೆ ತಗೊಂಡು ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಸಂಗಾತಿಗೆ ಹರಡಲ್ಲ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪಾರ್ಟ್ನರ್ ಅಧ್ಯಯನ ಓದಿ. ಯುರೋಪಿನ ಸುಮಾರು 780 ಗೇ ಜೋಡಿಗಳು, ಒಬ್ಬ ಪಾಸಿಟಿವ್ ಇನ್ನೊಬ್ಬ ನೆಗೆಟಿವ್, ಕಾಂಡೋಮ್ ಇಲ್ಲದೆ. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಹರಡಿದ್ದು ಸೊನ್ನೆ. ನೆಗೆಟಿವ್ ಇದ್ದವರು ಸೋಂಕು ತಗುಲದ ಹಾಗೆ ಮೊದಲೇ ತಗೊಳ್ಳೋ ಪ್ರೆಪ್ ಮಾತ್ರೆ ತಗೋಬಹುದು. ಎಡವಟ್ಟಾದರೆ ಆಮೇಲೆ ಸೋಂಕು ತಡೆಯೋಕೆ ತಗೊಳ್ಳೋ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು.

ಮಡಿಕೇರಿ_ಮಂಜು: "ಯುರೋಪಿನ" ಅಂತ ನೀವೇ ಹೇಳಿದ್ರಲ್ಲ ಅಕ್ಕ. ಇಲ್ಲಿಗೆ ಯಾಕೆ ತರ್ತೀರಿ?

ಕಾಫಿಕಣಿವೆ: ವೈರಸ್‌ಗೆ ಪಾಸ್‌ಪೋರ್ಟ್ ಬೇಕಾ? ಸುಮ್ನೆ ಏನಾದ್ರೂ ಹೇಳಬೇಕು ಅಂತ ಹೇಳಬೇಡಿ.

ಪೊನ್ನಂಪೇಟೆ_ಪಯಣಿಗ: 72 ಗಂಟೆಯಂತೆ! ಜುಲೈ ಮಳೆಗೆ ರಸ್ತೆಗೆ ಮರ ಬಿದ್ದರೆ ನಮಗೆ ಎರಡು ದಿನ ಕರೆಂಟೂ ಇಲ್ಲ, ಬಸ್ಸೂ ಇಲ್ಲ.

ಮಡಿಕೇರಿ_ಮಂಜು: ಅದಕ್ಕೇ ಹತ್ತಿರದ ಮಡಿಕೇರಿಗೆ ಹೋಗಿ ಅಂದಿದ್ದು! ಮಳೆಗಾಲದಲ್ಲಿ ಮೈಸೂರು ಹತ್ತಿರ ಆಗುತ್ತಾ?

ಪೊನ್ನಂಪೇಟೆ_ಪಯಣಿಗ: ನಮಗೆ ಎರಡೂ ದೂರವೇ. ಭೂಪಟ ತೆಗೆದು ನೋಡಿ ಮಾತಾಡಿ.

ನರ್ಸಕ್ಕ_ಕುಶಾಲನಗರ: ಅಯ್ಯೋ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿಯಪ್ಪ, ಪುಕ್ಕಟೆ.

ಪೊನ್ನಂಪೇಟೆ_ಪಯಣಿಗ: ಮನೆಯೊಳಗೆ ಸಿಗ್ನಲ್ ಇಲ್ಲ ಅಕ್ಕ. ತೋಟದ ಗೇಟಿನ ಹತ್ತಿರ ಹೋಗಬೇಕು, ಅಲ್ಲಿ ಅಪ್ಪ ಆಳುಗಳ ಲೆಕ್ಕ ಬರೆಯುತ್ತಾ ನಿಂತಿರ್ತಾರೆ.

ಮಡಿಕೇರಿ_ಮಂಜು: ಈಗ ಗೇಟಿಗೂ ಒಂದು ನೆಪ. ಹೊಣೆ ಹಂಚಿಕೊಳ್ಳೋರು ಇವರೇ ನೋಡಿ.