ಹೈವೇ ಬದಿಯ ಹೈಸ್ಕೂಲು, ಲೇಟಾದ್ರೆ ಗೇಟಿನ ಹೊರಗೆ: ಮೀಟಿಂಗಲ್ಲಿ ಹೇಗೆ ಮಾತಾಡುದು?

ಬ್ರಹ್ಮಾವರದ_ಅಮ್ಮ
ಮಗಳು ಒಂಬತ್ತನೇ ಕ್ಲಾಸು, ಉಡುಪಿ ಕುಂದಾಪುರ ಮಧ್ಯೆ ಎನ್‌ಎಚ್ 66ಕ್ಕೆ ತಾಗಿಯೇ ಇರುವ ಒಂದು ಹೈಸ್ಕೂಲಿಗೆ ಹೋಗ್ತಾಳೆ. ಬರುವ ಶನಿವಾರ ಪೇರೆಂಟ್ಸ್ ಮೀಟಿಂಗ್ ಉಂಟು, ಮೂರು ವಿಷಯ ಎತ್ಬೇಕು ಅಂತ ಇದ್ದೇನೆ. ಬಸ್ ಇಳಿದ ಮಕ್ಕಳು ನಾಲ್ಕು ಲೇನ್ ದಾಟ್ಬೇಕು, ಅರ್ಧ ದಾಟಿ ಡಿವೈಡರ್ ಹತ್ರ ನಿಂತಿರ್ತಾರೆ, ಮಳೆಗಾಲದಲ್ಲಿ ಗಾಳಿಗೆ ಕೊಡೆ ಬಗ್ಗಿಸಿ ಹಿಡಿದ್ರೆ ಬರುವ ಗಾಡಿಯೇ ಕಾಣುದಿಲ್ಲ. ಮತ್ತೆ ಹತ್ತನೇ ಕ್ಲಾಸಿನ ಹುಡುಗ್ರು ಸ್ಕೂಟರ್ ತಂದು ಸ್ಕೂಲಿಗೆ ಗೊತ್ತಾಗದ ಹಾಗೆ ಅಂಗಡಿ ಹಿಂದೆ ಇಡ್ತಾರೆ, ಒಂದರಲ್ಲಿ ಮೂರು ಜನ, ಒಬ್ಬರಿಗೂ ಹೆಲ್ಮೆಟ್ ಇಲ್ಲ. ನನಗೆ ಜಾಸ್ತಿ ಬೇಜಾರು ಮೂರನೇದು. ಲೇಟಾದವರನ್ನು ಫಸ್ಟ್ ಪೀರಿಯಡ್ ಮುಗಿಯುವವರೆಗೆ ಗೇಟಿನ ಹೊರಗೆ ನಿಲ್ಲಿಸ್ತಾರೆ, ಮರುದಿನ ಪ್ರೇಯರಲ್ಲಿ ಎಲ್ಲರೆದುರು ಹೆಸರು ಓದ್ತಾರೆ. ಮಗಳಿಗೆ ಈಗ ರಾತ್ರಿ ಸರಿ ನಿದ್ದೆ ಇಲ್ಲ, ಬೆಳಿಗ್ಗೆ ಹೊಟ್ಟೆನೋವು ಅಂತಾಳೆ, ಭಾನುವಾರ ಮಾತ್ರ ನೋವಿಲ್ಲ. ಟೀಚರ್ಸ್ ಜೊತೆ ಜಗಳ ಬೇಡ ನನಗೆ, ಆದ್ರೆ ಕೆಲಸ ಆಗ್ಬೇಕು. ಎಂತ ಮಾಡುದು ಹೇಳಿ.

ಸುರತ್ಕಲ್_ಮೇಷ್ಟ್ರು
ಮೇಡಂ, ನಾನೂ ಹೈಸ್ಕೂಲ್ ಟೀಚರೇ. ನೀವು ಹೇಳಿದ್ದು ಮೂರು ವಿಷಯ ಅಲ್ಲ, ಒಂದೇ. ಗೇಟು ಹಾಕ್ತಾರೆ ಅಂತ ಗೊತ್ತಿದ್ದ ಮಗು ರೋಡಲ್ಲಿ ನಿಂತು ನೋಡುದಿಲ್ಲ, ಓಡ್ತದೆ. ಅದೇ ಹೆದರಿಕೆಗೆ ತುಂಬಿದ ಬಸ್ಸಿನ ಫುಟ್‌ಬೋರ್ಡಲ್ಲಿ ನೇತಾಡ್ತದೆ, ಅಣ್ಣನ ಸ್ಕೂಟರ್ ತರ್ತದೆ. ಅದಕ್ಕೆ ಗೇಟಿನಿಂದ ಶುರು ಮಾಡಿ. ನಮ್ಮಲ್ಲಿ ಹೊರಗೆ ನಿಲ್ಲಿಸುದನ್ನು ಬಿಟ್ಟು ಆಫೀಸಲ್ಲಿ ಒಂದು ಪುಸ್ತಕ ಇಟ್ಟೆವು, ಲೇಟಾದ ಮಗು ಯಾವ ಸ್ಟಾಪು, ಯಾಕೆ ಲೇಟು ಅಂತ ಬರೆದು ಸೀದಾ ಕ್ಲಾಸಿಗೆ ಹೋಗುದು, ಬೈಗುಳ ಇಲ್ಲ. ಸ್ವಲ್ಪ ಸಮಯದಲ್ಲೇ ಗೊತ್ತಾಯ್ತು, ಹೆಚ್ಚಿನವರು ಅದೇ ಎರಡು ಸ್ಟಾಪಿನ ಮಕ್ಕಳು, ಬಸ್ಸು ನಿಲ್ಲಿಸುದೇ ಇಲ್ಲ. ಅದು ಮಕ್ಕಳ ಅಶಿಸ್ತು ಹೇಗಾಗ್ತದೆ ಹೇಳಿ? ನಿಜವಾಗಿ ಸೋಮಾರಿತನ ಮಾಡುವವರು ಒಂದಿಬ್ಬರು ಇದ್ರು, ಅವರ ಹತ್ರ ಕೂತು ಬೇರೆಯೇ ಮಾತಾಡಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಹೊಡೆಯುದು ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸ್ತದೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ, ಹೌದು, ಆದ್ರೆ ಒಂಬತ್ತನೇ ಕ್ಲಾಸಿಗೆ ಬಂದ ಕೂಡ್ಲೇ ಮಗುವಿನ ಮನಸ್ಸು ಕಬ್ಬಿಣ ಆಗುದಿಲ್ಲ. ಮೀಟಿಂಗಲ್ಲಿ ಕಾನೂನಿಂದ ಶುರು ಮಾಡ್ಬೇಡಿ, ಪುಸ್ತಕದ ವಿಷಯ ಹೇಳಿ.

ಎಕ್ಸ್‌ಪ್ರೆಸ್_ಕಂಡಕ್ಟರ್
ಬಸ್ಸಿನವರ ಕಡೆಯಿಂದ ಹೇಳ್ತೇನೆ, ಮಂಗಳೂರು ಉಡುಪಿ ಲೈನಲ್ಲಿ ತುಂಬಾ ವರ್ಷ ಇದ್ದವ ನಾನು. ಹಿಂದಿನ ಬಸ್ಸು ಬೆನ್ನಿಗೆ ಇರ್ತದೆ, ಟೈಮಿಂಗ್ ತಪ್ಪಿದ್ರೆ ಸ್ಟ್ಯಾಂಡಲ್ಲಿ ಗಲಾಟೆ, ಅದಕ್ಕೆ ಪಾಸಿನ ಮಕ್ಕಳು ಗುಂಪಾಗಿ ನಿಂತಲ್ಲಿ ಕೆಲವರು ನಿಲ್ಲಿಸುದಿಲ್ಲ. ಇದು ತಪ್ಪೇ. ಬಾಯಲ್ಲಿ ಹೇಳಿದ್ರೆ ಯಾರೂ ಕೇಳುದಿಲ್ಲ, ಹೆಡ್‌ಮಾಸ್ಟ್ರ ಸಹಿ ಹಾಕಿಸಿ ಸ್ಟಾಪು, ಟೈಮು, ಮಕ್ಕಳ ಲೆಕ್ಕ ಬರೆದು ಆರ್‌ಟಿಓಗೂ ಬಸ್ ಮಾಲಕರಿಗೂ ಕೊಡಿ, ಮೇಷ್ಟ್ರು ಹೇಳಿದ ಪುಸ್ತಕ ಅಲ್ಲಿ ಉಪಯೋಗಕ್ಕೆ ಬರ್ತದೆ. ಮತ್ತೆ ಮಕ್ಕಳಿಗೆ ಒಂದು ವಿಷಯ ಹೇಳಿಹೇಳಿ ರೂಢಿ ಮಾಡಿಸಿ, ಇಳಿದ ಕೂಡ್ಲೇ ಬಸ್ಸಿನ ಎದುರಿಂದ ದಾಟ್ಲೇಬಾರ್ದು. ಬಸ್ಸು ಹೋಗ್ಲಿ, ರಸ್ತೆ ಎರಡೂ ಬದಿ ಪೂರ್ತಿ ಕಾಣ್ಲಿ, ಆಮೇಲೆ ಒಟ್ಟಿಗೆ ದಾಟುದು. ಬಸ್ಸನ್ನು ಓವರ್‌ಟೇಕ್ ಮಾಡಿಕೊಂಡು ಬರುವವನಿಗೆ ಮಗು ಕಾಣುದೇ ಕೊನೆ ಗಳಿಗೆಯಲ್ಲಿ. ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಓಡ್ತದೆ, ಡ್ರೈವರನ ಕಾಲು ಬ್ರೇಕಿಗೆ ಹೋಗುವಾಗಲೇ ಅಷ್ಟು ದೂರ ಹೋಗಿ ಆಯ್ತು, ಒದ್ದೆ ರಸ್ತೆಯಲ್ಲಿ ನಿಲ್ಲುದು ಇನ್ನೂ ಮುಂದೆ.

ಕಾಪು_ವಕೀಲೆ
ಸ್ಕೂಟರ್ ಬಗ್ಗೆ ಮಾತ್ರ ಹೇಳ್ತೇನೆ. 18 ಆಗದೆ ಓಡಿಸ್ಲಿಕ್ಕಿಲ್ಲ. 16ಕ್ಕೆ ಲೈಸೆನ್ಸ್ ಸಿಗುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ, ಮನೆಮನೆಯಲ್ಲಿ ಇರುವ ಪೆಟ್ರೋಲ್ ಸ್ಕೂಟರ್ 100 ಸಿಸಿ ದಾಟಿದ್ದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 199ಎ ಪ್ರಕಾರ ಕೇಸು ಪೋಷಕರ ಅಥವಾ ಗಾಡಿ ಮಾಲಕರ ಮೇಲೆ: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಕೀ ಕೊಡುವ ಅಪ್ಪಂದಿರಿಗೆ ಇದನ್ನು ಮೀಟಿಂಗಲ್ಲಿ ಓದಿ ಹೇಳಿ. ಹುಡುಗರನ್ನು ಕರೆದು ಬೈಯುವ ಮೊದ್ಲು ಯಾಕೆ ತರ್ತಾರೆ ಅಂತ ಕೇಳಿ, ಬೆಳಿಗ್ಗೆ ಟ್ಯೂಷನ್ ಮುಗಿಸಿ ಬೆಲ್ ಹೊಡೆಯುವ ಮೊದ್ಲು ಸ್ಕೂಲಿಗೆ ಮುಟ್ಲಿಕ್ಕೆ ಬೇರೆ ದಾರಿ ಇಲ್ಲದೆ ತರುವವರು ಸುಮಾರು ಇದ್ದಾರೆ.

ಮಣಿಪಾಲ_ನರ್ಸ್
ಎಲ್ಲರೂ ರಸ್ತೆ ಬಗ್ಗೆ ಹೇಳಿದ್ರಿ, ಆ ಹುಡುಗಿಯ ಹೊಟ್ಟೆನೋವು ಬಿಟ್ಟುಹೋಯ್ತು. ಅಕ್ಕ, ನಾಟಕ ಅಂತ ಯಾರು ಹೇಳಿದ್ರೂ ಕೇಳ್ಬೇಡಿ, ಮನಸ್ಸಿನ ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ನೋಯ್ತದೆ. ಮೊದ್ಲು ಡಾಕ್ಟ್ರಿಗೆ ತೋರಿಸಿ. ಜೊತೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಬಹುದು, ಮನಸ್ಸಿನ ತೊಂದರೆಗೆ 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಉಂಟು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮಕ್ಕಳೂ ಮಾಡ್ಬಹುದು. ಸ್ಕೂಲಲ್ಲಿ ಯಾರಾದ್ರೂ ತೊಂದರೆ ಕೊಡ್ತಾ ಇದ್ರೆ ಮಕ್ಕಳ ಸಹಾಯವಾಣಿ 1098. ನಮ್ಮ ಜಿಲ್ಲೆಗಳಲ್ಲಿ ರಿಸಲ್ಟಿನ ಒತ್ತಡ ಬೇರೆ, 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಫಸ್ಟು, 2025ರಲ್ಲಿ ದಕ್ಷಿಣ ಕನ್ನಡ, ಆ ಹೆಸರು ಉಳಿಸುವ ಭಾರ ಒಂಬತ್ತನೇ ಕ್ಲಾಸಿಂದಲೇ ಮಕ್ಕಳ ಮೇಲೆ ಬೀಳ್ತದೆ. ಮಕ್ಕಳು ಹೆದರದೆ ಹೋಗಿ ಮಾತಾಡುವಂಥ ಒಬ್ಬರು ಟೀಚರ್ ಯಾರು ಅಂತ ಮಕ್ಕಳನ್ನೇ ಕೇಳಿ ಗೊತ್ತುಮಾಡ್ಲಿಕ್ಕೆ ಹೇಳಿ.

ಬ್ರಹ್ಮಾವರದ_ಅಮ್ಮ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಶನಿವಾರ ಗೇಟಿನ ವಿಷಯ ಒಂದನ್ನೇ ಹಿಡಿತೇನೆ, ಪುಸ್ತಕ ನಾನೇ ತಗೊಂಡು ಹೋಗಿ ಕೊಡ್ತೇನೆ. ರಸ್ತೆ ದಾಟುವ ಜಾಗಕ್ಕೆ ಝೀಬ್ರಾ ಪಟ್ಟಿ, ಹೋಮ್‌ಗಾರ್ಡ್ ಬೇಕು ಅಂತ ಪಂಚಾಯತಿನ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳ್ಬಹುದಲ್ವಾ, ಯಾರಾದ್ರೂ ಹಾಗೆ ಕೇಳಿಸಿದವರು ಇದ್ರೆ ಅರ್ಜಿ ಹೇಗೆ ಬರೆದ್ರಿ ಹೇಳಿ.