ರಾಣಿಯ ಜತೆ ಬಂದವರೆಲ್ಲ ‘ಪರಿವಾರ’ವೇ?

ಓಲೆಗರಿ (ಉಳ್ಳಾಲ):
ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ ಭಾಗವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ರಾಣಿ ಕಾಲ್ನಡಿಗೆಯಲ್ಲಿ ಬರುತ್ತಾಳೆ. ಹಿಂದೆ ಮುಂದೆ ಸೈನಿಕರು, ತಲೆಯ ಮೇಲೆ ಒಬ್ಬ ಹಿಡಿದ ತಾಳೆಗರಿಯ ದೊಡ್ಡ ಕೊಡೆ. ‘ರಾಣಿ ಮತ್ತು ಅವಳ ಪರಿವಾರ ಬಂದರು’ ಎಂದು ಬರೆದೆ. ಓದಿದವರು ರಾಣಿಯ ಮನೆಮಂದಿ ಎಂದುಕೊಂಡರು. ಬೆಂಗಾವಲು, ದಂಡು, ಒಡ್ಡೋಲಗ, ಇವುಗಳಲ್ಲಿ ಯಾವುದು ಹೊಂದುತ್ತದೆ?

ಕರಡು ತಿದ್ದುವವ (ಉಡುಪಿ):
ಪರಿವಾರ ತಪ್ಪು ಪದವಲ್ಲ ಮಾರಾಯ್ರೆ. ಸುತ್ತುವರಿದವರು ಎಂಬುದೇ ಅದರ ಮೂಲಾರ್ಥ. ದೇವಸ್ಥಾನದ ‘ಪರಿವಾರ ದೇವತೆಗಳು’, ನಮ್ಮ ಕಡೆಯ ‘ಪರಿವಾರ ದೈವಗಳು’ ಎಂದಾಗ ಯಾರೂ ಹೆಂಡತಿ ಮಕ್ಕಳು ಎಂದುಕೊಳ್ಳುವುದಿಲ್ಲ. ಹಿಂದಿಯಲ್ಲಿ ಅದು ಕುಟುಂಬ. ಆ ಅರ್ಥ ಈಗ ಕನ್ನಡದೊಳಗೂ ನುಸುಳಿದೆ, ಹಾಗಾಗಿ ಒಂಟಿಯಾಗಿ ಬಿಟ್ಟರೆ ಗೊಂದಲ. ಮದುವೆ ಕಾಗದದ ‘ಸಕುಟುಂಬ ಸಪರಿವಾರ’ ನೋಡಿ: ಎರಡೂ ಒಂದೇ ಆಗಿದ್ದರೆ ಎರಡೆರಡು ಸಲ ಯಾಕೆ? (‘ಸಪರಿವಾರ ಸಮೇತ’ ಎಂದು ಅಚ್ಚು ಹಾಕಿಸುವವರಿಗೆ ಮಾತ್ರ ನಮಸ್ಕಾರ. ‘ಸ’ ಇದ್ದ ಮೇಲೆ ‘ಸಮೇತ’ ಬೇಡ.)

ನಿಮ್ಮ ವಾಕ್ಯ ಎಡವಿದ್ದು ಕ್ರಿಯಾಪದದಲ್ಲೂ. ಪರಿವಾರ, ದಂಡು, ದಿಬ್ಬಣ ಎಲ್ಲವೂ ನಪುಂಸಕ ಏಕವಚನ: ದಂಡು ಬಂತು, ದಿಬ್ಬಣ ಹೊರಟಿತು. ರಾಣಿಯನ್ನು ಪಕ್ಕಕ್ಕೆ ಸೇರಿಸಿದ ಕೂಡಲೇ ‘ಬಂದರು’ ಎನ್ನಬೇಕೋ ‘ಬಂತು’ ಎನ್ನಬೇಕೋ ತಿಳಿಯದೆ ಪೇಚಾಟ. ರಾಣಿಯನ್ನೇ ಕರ್ತೃವಾಗಿಡಿ: ‘ರಾಣಿ ಪರಿವಾರದೊಡನೆ ಬಂದಳು.’ ಸ್ವಾಮೀಜಿಯವರ ವರದಿಗೂ ಇದೇ ದಾರಿ: ‘ಶಿಷ್ಯವೃಂದದೊಡನೆ ಆಗಮಿಸಿದರು.’

ಸಂಧಿಕಾಲ (ಮಂಗಳೂರು):
ಬೆಂಗಾವಲು ಎಂದರೆ ಬೆನ್ + ಕಾವಲು. ಆದೇಶಸಂಧಿಯಲ್ಲಿ ಕಕಾರ ಗಕಾರವಾಗಿದೆ. ಬೆನ್ನ ಹಿಂದಿನ ಕಾವಲು. ಈಗ ಪತ್ರಿಕೆಗಳಲ್ಲಿ ಮಂತ್ರಿಯ ಕಾರಿನ ಮುಂದೆ ಓಡುವ ಪೊಲೀಸ್ ಜೀಪೂ ‘ಬೆಂಗಾವಲು ವಾಹನ’ವೇ. ಬಳಕೆ ಗೆದ್ದಿದೆ, ಅದಕ್ಕೆ ತಕರಾರಿಲ್ಲ. ಆದರೆ 1623ರ ರಾಣಿಯ ಮುಂದೆ ನಡೆಯುವ ಆಳುಗಳಿಗೆ ಆ ಪದ ಹಾಕಿದರೆ ಓದುಗನ ಕಿವಿಯಲ್ಲಿ ಸೈರನ್ ಕೇಳುತ್ತದೆ. ಮೈಗಾವಲು ಮೈಗೆ ಅಂಟಿಕೊಂಡೇ ಇರುವ ಒಬ್ಬಿಬ್ಬರಿಗೆ ಸರಿ, ಸಾಲಿಗೆ ಅಲ್ಲ.

ದಂಡು ಬೇಡ, ರಾಣಿ ಯುದ್ಧಕ್ಕೆ ಹೊರಟಂತಾಗುತ್ತದೆ. ಒಡ್ಡೋಲಗ ಖಂಡಿತ ಬೇಡ. ಅದು ಒಡ್ಡು + ಓಲಗ, ನೆರೆದ ರಾಜಸಭೆ. ಯಕ್ಷಗಾನದಲ್ಲಿ ಪಾತ್ರಗಳು ಕುಣಿಯುತ್ತ ರಂಗಕ್ಕೆ ಬರುವುದನ್ನು ಒಡ್ಡೋಲಗ ಎನ್ನುವುದರಿಂದ ನಮ್ಮೂರಲ್ಲಿ ಅದನ್ನು ಮೆರವಣಿಗೆ ಎಂದು ಭಾವಿಸುವವರಿದ್ದಾರೆ. ದಾರಿಯಲ್ಲಿ ನಡೆದು ಹೋಗುವವರಿಗೆ ಅದು ಹೊಂದದು.

ತೆಂಕುಪೇಟೆ:
ಇನ್ನೊಂದು ಹೊಂಡ: ‘ಬಂಟರು’. ಬಯಲುಸೀಮೆಯಲ್ಲಿ ‘ರಾಣಿಯ ಬಂಟರು’ ಎಂದರೆ ನಂಬಿಕೆಯ ಆಳುಗಳು. ಇಲ್ಲಿ ಕರಾವಳಿಯಲ್ಲಿ ಓದುವವ ಮೊದಲು ಬಂಟ ಜಾತಿಯನ್ನೇ ನೆನೆಯುತ್ತಾನೆ. ‘ಬಲಗೈ ಬಂಟ’ ಎಂದು ಜೋಡಿಸಿದರೆ, ಅಥವಾ ತುಳುನಾಡಿನ ದೈವ ಜುಮಾದಿಯ ಜತೆಗಿರುವ ಬಂಟನ ಮಾತಾದರೆ, ತೊಂದರೆಯಿಲ್ಲ. ಪಟಾಲಂ, ಚೇಲಾಗಳು, ಬಾಲಬಡುಕರು ಇವೆಲ್ಲ ಬೈಗುಳದ ಪಕ್ಕದ ಮನೆಯವು. ಮಂತ್ರಿಗಳಿಗೆ ಇಟ್ಟುಕೊಳ್ಳಿ.

ಹಳಗನ್ನಡಿಗ:
ಪರಿವಾರವನ್ನು ಬಿಡಿಸಿ ಹೇಳಬೇಕೆಂದರೆ ಹಳೆಯ ಕನ್ನಡದಲ್ಲಿ ಕೆಲಸಕ್ಕೊಂದು ಹೆಸರಿದೆ. ಎಲೆಅಡಿಕೆಯ ಚೀಲ ಹಿಡಿಯುವವನು ಹಡಪದವನು. ಬಸವಣ್ಣನವರ ಜತೆಗಿದ್ದ ಹಡಪದ ಅಪ್ಪಣ್ಣನ ಹೆಸರಲ್ಲೇ ಅದು ಉಳಿದಿದೆ. ಬಾಗಿಲು ಕಾಯುವವನು ಪಡಿಹಾರ. ಕೊಡೆಗೆ ಸತ್ತಿಗೆ ಎಂಬ ಪದವಿದೆ, ಆದರೆ ಅದು ದೇವರ, ಅರಸರ ಅಲಂಕಾರದ ಛತ್ರಿ. ಪ್ರವಾಸಿ ತಾಳೆಗರಿ ಎಂದೇ ಬರೆದಿರುವಾಗ ನೀವು ಅದಕ್ಕೆ ರೇಷ್ಮೆ ಹೊದೆಸಬೇಡಿ.

ಚಂದ ಕಂಡಿತೆಂದು ‘ಗರುಡ’, ‘ಲೆಂಕ’, ‘ವೇಳೆವಾಳಿ’ ಎಂದು ಬರೆದುಬಿಡಬೇಡಿ. ಅವರು ಒಡೆಯನಿಗಾಗಿ ಪ್ರಾಣ ಕೊಡುವ ಪಣ ತೊಟ್ಟವರು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಗರುಡ ಕುವರಲಕ್ಷ್ಮನ ಆತ್ಮಬಲಿಯನ್ನು ಹೇಳುವ ಕಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇದೆ. ಬರೇ ಜತೆಗೆ ನಡೆದವನನ್ನು ಗರುಡ ಎಂದರೆ ಇಲ್ಲದ ಪ್ರತಿಜ್ಞೆಯನ್ನು ಅವನ ತಲೆಗೆ ಕಟ್ಟಿದಂತೆ.

ಓಲೆಗರಿ (ಉಳ್ಳಾಲ):
ಹೀಗೆ ತಿದ್ದಿದೆ: ‘ರಾಣಿ ನಡೆದೇ ಬರುತ್ತಿದ್ದಳು. ಹಿಂದುಮುಂದು ಕಾವಲಿನ ಆಳುಗಳು. ಒಬ್ಬ ಅವಳ ತಲೆಯ ಮೇಲೆ ತಾಳೆಗರಿಯ ದೊಡ್ಡ ಕೊಡೆ ಹಿಡಿದಿದ್ದ.’ ಪರಿವಾರವೇ ಬೇಕಾಗಲಿಲ್ಲ!

ಕರಡು ತಿದ್ದುವವ (ಉಡುಪಿ):
‘ಹಿಂದೆ ಮುಂದೆ’ ಎಂದೇ ಬಿಡಿಸಿ ಬರೆಯಿರಿ. ‘ಹಿಂದುಮುಂದು’ ಎಂದರೆ ಆಳುಗಳು ಹಿಂಜರಿದ ಹಾಗೆ ಕೇಳುತ್ತದೆ. ಉಳಿದದ್ದು ಅಚ್ಚಿಗೆ ಹೋಗಬಹುದು.