ಅಪ್‌ಡೇಟ್: ಬ್ಯಾಂಟಮ್ ಕೊನೆಗೂ ಕಲ್ಲು ಹತ್ತಿತು

ರಸ್ತೆಗೆಂದು ಹುಟ್ಟಿದ ನನ್ನ 1962ರ ಬಿಎಸ್‌ಎ ಬ್ಯಾಂಟಮ್ ಡಿ7 ಬೈಕನ್ನು ಟ್ರಯಲ್ಸ್‌ಗೆ (ನೆಲಕ್ಕೆ ಕಾಲೂರದೆ ಕಲ್ಲು, ತೊರೆ ದಾಟುವ ನಿಧಾನಗತಿಯ ಬೈಕ್ ಸ್ಪರ್ಧೆ) ಒಗ್ಗಿಸುತ್ತಿದ್ದೇನೆ, ತೊರೆಯ ಕಲ್ಲಿನ ಏರಿನಲ್ಲಿ ಮೊದಲ ಗೇರಿನಲ್ಲೂ ಎಂಜಿನ್ ನಿಂತುಹೋಗುತ್ತದೆ, ಕಾರ್ಬ್ಯುರೇಟರ್ ಬದಲಿಸಲೇ ಎಂದು ಕೇಳಿದ್ದೆ. ಅದನ್ನು ಮುಟ್ಟಬೇಡಿ, ಹಿಂದಿನ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲುಚಕ್ರ) ನೋಡಿ ಎಂದವರಿಗೆ ಮನಸಾರೆ ವಂದನೆ.

ಹೆಚ್ಚು ಹಲ್ಲುಗಳ ಸ್ಪ್ರಾಕೆಟ್ ಹಾಕಿಸಿದೆ. ಈಗ ನಡಿಗೆಯ ವೇಗದಲ್ಲೂ ಎಂಜಿನ್ ಉಸಿರು ಬಿಡದೆ ಎಳೆಯುತ್ತದೆ. ಇರುವುದು ಮೂರೇ ಗೇರ್, ಹಾಗಾಗಿ ಡಾಂಬರು ರಸ್ತೆಯಲ್ಲಿ ವೇಗ ಸತ್ತಿದೆ. ಆ ನಷ್ಟ ನನಗೆ ಒಪ್ಪಿಗೆ. ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125ರ ವಿನ್ಯಾಸದಿಂದ ಬೆಳೆದ ಈ ಪುಟ್ಟ ಎಂಜಿನ್ ಬಗ್ಗೆ ನನ್ನ ಗೌರವ ಇಮ್ಮಡಿಯಾಗಿದೆ.

ಕಾಲೂರುವ ಪೆಗ್‌ಗಳನ್ನು ಹಿಂದಕ್ಕೆ ಸರಿಸಿ ಬೆಸುಗೆ ಹಾಕಿಸಿದೆ. ನಿಂತು ಓಡಿಸುವಾಗ ಮೈಭಾರ ಹಿಂದಿನ ಚಕ್ರಕ್ಕೆ ಬಿದ್ದು ಹಿಡಿತ ಸಿಗುತ್ತದೆ. ಮುಂದೆ 21 ಇಂಚಿನ ಚಕ್ರ. ಟೈರಿನ ಗಾಳಿಯನ್ನು 6 ಪಿಎಸ್‌ಐಗೆ ಇಳಿಸಿದಾಗ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬಂತು. ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಬಿಗಿಹಿಡಿಯುವ ಕ್ಲಾಂಪ್) ಹಾಕದೆ ಗಾಳಿ ಇಳಿಸಲೇಬೇಡಿ, ದಯವಿಟ್ಟು.

ಕಳೆದ ಭಾನುವಾರ ಇಂಗ್ಲೆಂಡಿನ ಯಾರ್ಕ್‌ಷೈರಿನ ಅದೇ ತೊರೆಯಲ್ಲಿ ಒಮ್ಮೆ ಮಾತ್ರ ನೆಲಕ್ಕೆ ಕಾಲೂರಿದೆ. ಟ್ರಯಲ್ಸ್ ಲೆಕ್ಕದಲ್ಲಿ ಅದು ಒಂದೇ ದಂಡ ಅಂಕ. ಮೊದಲೆಲ್ಲ ಅಲ್ಲೇ ನಿಂತು ಐದು ಅಂಕ ತೆರುತ್ತಿದ್ದೆ. ಮುಂದಿನ ಫೋರ್ಕ್ ಇನ್ನೂ ಮೆತ್ತಗಿದೆ. ಚಳಿಗಾಲದಲ್ಲಿ ಅದನ್ನು ಬಿಚ್ಚುತ್ತೇನೆ.